ತೊಗರಿ ಕಚ್ಚುವ ಹಲ್ಲು

ಆಳಂದದ ದಾಲ್ ಮಿಲ್ಲಿನಲ್ಲಿ ನನ್ನ ಕೆಲಸ ಒಂದೇ. ಗಾಡಿಯಿಂದ ಇಳಿದ ತೊಗರಿ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯಬೇಕು. ಅದರಲ್ಲೊಂದನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಬೇಕು. ಒಣಗಿದೆಯೋ ಹಸಿಯಿದೆಯೋ ಹೇಳಬೇಕು. ಒಣ ಕಾಳು ಕಟಕ್ ಎಂದು ಎರಡಾಗುತ್ತದೆ. ಹಸಿ ಕಾಳು ಮೆತ್ತಗೆ ಹಲ್ಲಿಗೆ ಒತ್ತಿಕೊಳ್ಳುತ್ತದೆ. ಇವೆರಡರ ನಡುವೆ ಇನ್ನೂ ಐದಾರು ನಮೂನೆ ಇವೆ. ಅವನ್ನು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಹಲ್ಲಿಗೆ ಮಾತ್ರ ಗೊತ್ತು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಹಿರೋಳ್ಳಿಯಿಂದ ಬಂದು ಇದೇ ಮಿಲ್ಲಿನಲ್ಲಿ ಹಮಾಲಿ ಮಾಡಿದೆ, ಬೆನ್ನ ಮೇಲೆ ಎಷ್ಟು ಸಾವಿರ ಚೀಲ ಹೊತ್ತೆನೋ ನೆನಪಿಲ್ಲ. ಹೊರುತ್ತ ಹೊರುತ್ತ ಕಾಳು ಕಚ್ಚುವುದು ಕಲಿತೆ. ಯಾರೂ ಕಲಿಸಲಿಲ್ಲ. ಆಮೇಲೆ ಚೀಲ ಹೊರುವುದು ತಪ್ಪಿತು, ಬಾಗಿಲ ಬಳಿ ನಿಂತು ಕಚ್ಚಿ ಹೇಳುವ ಜಾಗ ಸಿಕ್ಕಿತು. ಎರಡು ವರ್ಷದ ಹಿಂದೆ ಮಿಲ್ಲಿನ ಸಾವ್ಕಾರರು ತೇವ ನೋಡುವ ಮಷಿನ್ ತಂದಿದ್ದರು. ಎಂಟು ದಿನ ಮಷಿನ್ನೂ ನಡೆಯಿತು, ನನ್ನ ಹಲ್ಲೂ ನಡೆಯಿತು. ಎರಡೂ ಒಂದೇ ಮಾತು ಹೇಳಿದವು. ಸಾವ್ಕಾರರು ನಕ್ಕು ಅದನ್ನು ಅಲಮಾರಿಗೆ ಸೇರಿಸಿದರು.

“ನಿನ್ನ ಹಲ್ಲಿಗಿ ಸೆಲ್ ಹಾಕೂದು ಬೇಕಿಲ್ಲ. ಅದಕ್ಕ ಬೇಕು.”

ಆ ಮಾತನ್ನು ನಾನು ಮನೆಯಲ್ಲಿ ಹೇಳಿದೆ, ಊರಲ್ಲಿ ಹೇಳಿದೆ, ಜೇವರ್ಗಿಗೆ ಕೊಟ್ಟ ಮಗಳಿಗೆ ಫೋನ್ ಮಾಡಿ ಹೇಳಿದೆ.

ದಸರೆಯ ಸುಮಾರಿಗೆ ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ನೀರು ಕೆಂಪಗೆ ಬರತೊಡಗಿತು. ಬ್ರಷ್ ಬಿರುಸಾಗಿದೆ ಅಂದುಕೊಂಡು ಅದನ್ನು ಬಿಸಾಕಿ ಬೇವಿನ ಕಡ್ಡಿಗೇ ಪೇಸ್ಟು ಹಚ್ಚಿ ಉಜ್ಜತೊಡಗಿದೆ. ರಕ್ತ ನಿಲ್ಲಲಿಲ್ಲ. ಕೆಳಗಿನ ಮುಂದಿನ ಎರಡು ಹಲ್ಲಿನ ಬುಡದಲ್ಲಿ ಒಸಡು ಬಾತು ಹೊಳೆಯುತ್ತಿತ್ತು. ಬಾಯಿಯ ವಾಸನೆ ನನಗೇ ಬರುತ್ತಿತ್ತು. ಮಂದಿಯ ಜೊತೆ ಮಾತಾಡುವಾಗ ಟವೆಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುವುದು ರೂಢಿಯಾಯಿತು. ಕಡಕ್ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ ತಿನ್ನತೊಡಗಿದೆ. ಹೆಂಡತಿ ಎರಡು ದಿನ ನೋಡಿ ಕೇಳಿಯೇಬಿಟ್ಟಳು.

“ಏನ್ರಿ, ಹಲ್ಲಿಲ್ಲದ ಮುದುಕರಂಗ ರೊಟ್ಟಿ ನೆನಿಸಾಕತ್ತೀರಿ?”

“ರೊಟ್ಟಿ ನಂದು, ಬಾಯಿ ನಂದು. ನಿನಗೇನಬೇ?”

“ಬಾಯಿ ನಿಮ್ದು ಹೌದು, ವಾಸನಿ ಮನಿ ಮಂದಿಗೆಲ್ಲಾ ಹಂಚಾಕತ್ತೀರಿ.”

ಆ ಮಾತು ನಾಟಿತು. ಆದರೂ ಡಾಕ್ಟರ ಹತ್ತಿರ ಹೋಗುವ ಮನಸ್ಸಾಗಲಿಲ್ಲ. ಹಲ್ಲು ತೋರಿಸಿದರೆ ಮೊದಲು ಕೆರೆದು ಸಡಿಲ ಮಾಡುತ್ತಾರೆ, ಆಮೇಲೆ ಕೀಳುತ್ತಾರೆ ಎಂದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ನನ್ನ ಬಾಯಲ್ಲಿ ಹಲ್ಲು ಸಡಿಲಾದರೆ ಮಿಲ್ಲಿನಲ್ಲಿ ನನ್ನ ಜಾಗ ಏನು? ಅಲಮಾರಿಯಲ್ಲಿ ಕುಳಿತ ಮಷಿನ್ ಕಣ್ಣಿಗೆ ಬರುತ್ತಿತ್ತು.

ಬಸ್ ಸ್ಟ್ಯಾಂಡಿನ ಆಚೆ, ನನ್ನ ಗುರುತಿಲ್ಲದ ಒಂದು ಮೆಡಿಕಲ್ ಅಂಗಡಿಗೆ ಹೋದೆ. ಅಲ್ಲೂ ನಿಜ ಹೇಳಲಿಲ್ಲ.

“ನಮ್ಮ ಮನಿಯಾಕಿಗಿ ಒಸಡಿನಾಗ ರಕ್ತ ಬರ್ತದ. ಏನರ ಔಷಧ ಕೊಡ್ರಿ.”

ಅಂಗಡಿಯವನು ಗುಲಾಬಿ ಬಣ್ಣದ ಔಷಧದ ಬಾಟಲಿ ಇಟ್ಟ. “ಬಾಯಿ ಮುಕ್ಕಳಿಸೂದ್ರಿ, ನುಂಗೂದಲ್ಲ. ಹೆಂಗ್ ಬಳಸೂದು ಗೊತ್ತದಲ್ರಿ?”

“ಗೊತ್ತದ, ಗೊತ್ತದ.”

“ಡಾಕ್ಟರಿಗೂ ಒಮ್ಮಿ ತೋರಿಸ್ರಿ ಅವರಿಗಿ.”

ತೋರಿಸ್ತೇನಿ ಅಂದೆ. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ, ಅದು ಸಣ್ಣಂದಿನಿಂದ ಬಂದ ಗುಣ. ಶಾಲೆ ಬಿಟ್ಟವನಿಗೆ ಏನೂ ಗೊತ್ತಿರುವುದಿಲ್ಲ ಎಂದು ಮಂದಿ ತಿಳಿಯುತ್ತಾರಲ್ಲ, ಅದಕ್ಕೇ ಇರಬೇಕು. ಕನ್ನಡ ನಾನು ಓದುತ್ತೇನೆ, ದಿನಾ ಪೇಪರು ಓದುತ್ತೇನೆ. ಬಾಟಲಿಯ ಮೇಲಿದ್ದದ್ದು ಇಂಗ್ಲಿಷು, ಅದೂ ಜೀರಿಗೆ ಕಾಳಿನಷ್ಟು ಸಣ್ಣ ಅಕ್ಷರ. ತಿರುಗಿಸಿ ಮುರುಗಿಸಿ ನೋಡಿ ಚೀಲದೊಳಗಿಟ್ಟೆ.

ನನಗೆ ತಿಳಿದ ಹಾಗೆ ಶುರು ಮಾಡಿದೆ. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಒಂದು ಮುಚ್ಚಳ ಔಷಧ ಬಾಯಿಗೆ ಹಾಕಿ, ನೂರು ಎಣಿಸಿ ಉಗುಳುತ್ತಿದ್ದೆ. ಆಮೇಲೆ ಜಳಕ, ಆಮೇಲೆ ಲಿಂಗಪೂಜೆ. ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂಡುವವನು ಬಾಯಲ್ಲಿ ಔಷಧದ ಘಾಟು ಇಟ್ಟುಕೊಂಡು ಹೇಗೆ ಕೂಡಬೇಕು? ಅದಕ್ಕೇ ಉಗುಳಿದ ಮೇಲೆ ತಂಬಿಗೆ ತುಂಬ ನೀರು ತೆಗೆದುಕೊಂಡು ನಾಲ್ಕು ಸಲ, ಐದು ಸಲ, ಘಾಟು ಹೋಗುವ ತನಕ ಮುಕ್ಕಳಿಸುತ್ತಿದ್ದೆ. ಬಾಯಿ ಶುದ್ಧವಾಯಿತು ಅನ್ನಿಸಿದ ಮೇಲೆಯೇ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಒಂದು ದಿನವೂ ಇದನ್ನು ತಪ್ಪಿಸಲಿಲ್ಲ.

ಹತ್ತು ದಿನದಲ್ಲಿ ರಕ್ತ ಕಡಿಮೆಯಾಯಿತು, ವಾಸನೆ ಇಳಿಯಿತು. ಗೆದ್ದೆ ಅಂದುಕೊಂಡೆ. ಬಾಟಲಿ ಮುಗಿಯಿತು, ಇನ್ನೊಂದು ತಂದೆ. ರಕ್ತ ಮತ್ತೆ ಕಂಡಿತು. ಒಂದು ಮುಚ್ಚಳ ಇದ್ದದ್ದು ಎರಡಾಯಿತು, ದಿನಕ್ಕೆ ಒಮ್ಮೆ ಇದ್ದದ್ದು ಮೂರು ಸಲವಾಯಿತು. ಮಿಲ್ಲಿನಲ್ಲಿ ಚೀಲಗಳ ಸಂದಿಯಲ್ಲಿ ಒಂದು ಬಾಟಲಿ ಬಚ್ಚಿಟ್ಟೆ. ಊಟದ ಹೊತ್ತಿಗೆ ಹಿಂದೆ ಹೋಗಿ ಮುಕ್ಕಳಿಸಿ, ಅಲ್ಲೇ ನಳದ ನೀರು ಹಾಕಿಕೊಂಡು, ಟವೆಲಿನಿಂದ ಒರೆಸಿಕೊಂಡು ಬಂದು ಬಾಗಿಲಿಗೆ ನಿಲ್ಲುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಬಾಯಿಯ ರುಚಿಯೇ ಕೆಟ್ಟಿತು. ಒಂದು ದಿನ ಹೆಂಡತಿ ಬಡಿಸಿದ ಪುಂಡಿಪಲ್ಲೆ ಬಾಯಿಗಿಟ್ಟು ತಾಟು ಸರಿಸಿದೆ.

“ಉಪ್ಪು ಹಾಕೂದು ಮರ್ತೀಯೇನಬೇ?”

ಅವಳು ಒಂದು ಚೂರು ಬಾಯಿಗೆ ಹಾಕಿಕೊಂಡಳು. ನನ್ನ ಮುಖ ನೋಡಿದಳು. “ಉಪ್ಪು ಜಾಸ್ತಿನೇ ಆಗ್ಯಾದ್ರಿ. ನಾನೇ ಹೇಳಬೇಕಂತಿದ್ದೆ.”

ಮತ್ತೆ ತಿಂದೆ. ಒದ್ದೆ ಕಾಗದ ತಿಂದಂತಿತ್ತು. ಅವಳ ಮುಂದೆ ಪೂರ್ತಿ ತಿಂದು ಎದ್ದೆ.

ಇದರ ಜೊತೆಗೇ ಹಲ್ಲಿನ ಬಣ್ಣವೂ ತಿರುಗಿತು. ಹಲ್ಲಿನ ಅಂಚಿಗೆಲ್ಲ ಕಂದು ಗೆರೆ ಕೂತಿತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹುಟ್ಟಿದಾಗಿನಿಂದ ತಂಬಾಕು ಮುಟ್ಟದವನು ನಾನು. ಮಿಲ್ಲಿನ ಅಂಗಳದಲ್ಲಿ ಯಾರಾದರೂ ಗುಟ್ಕಾ ಉಗುಳಿದರೆ ಅವರ ಕೈಯಿಂದಲೇ ತೊಳೆಸಿದವನು. ಈಗ ಒಬ್ಬ ಹಮಾಲ ಚೀಲ ಹೊತ್ತುಕೊಂಡು ಹೋಗುತ್ತಲೇ ಕೇಳಿದ:

“ಏನ್ ಕಾಕಾ, ಯಾವ ಮಾಲು ಹಾಕಾಕತ್ತೀರಿ? ನಮಗೂ ಒಂದು ಚಿಟಿಕಿ ಕೊಡ್ರಲ್ಲ.”

ಉಳಿದವರೆಲ್ಲ ನಕ್ಕರು. “ಚೀಲ ಹೊರಲೇ ಸುಮ್ಮನ” ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವತ್ತು ಸಂಜೆ ಕನ್ನಡಿಯ ಮುಂದೆ ನಿಂತು ಕೆಳಗಿನ ಮುಂದಿನ ಹಲ್ಲನ್ನು ನಾಲಗೆಯಿಂದ ಒತ್ತಿದೆ. ಹಲ್ಲು ಅಲುಗಿತು. ಪಕ್ಕದ್ದನ್ನು ಒತ್ತಿದೆ. ಅದೂ ಅಲುಗಿತು. ಅಲ್ಲಿಂದ ಮುಂದೆ ಪ್ರತಿ ಕಾಳೂ ಒಂದು ಪರೀಕ್ಷೆಯಾಯಿತು. ಕಚ್ಚಿದಾಗ ಮೆತ್ತಗಾದದ್ದು ಕಾಳೋ, ಕೆಳಗೆ ಬಗ್ಗಿದ್ದು ಹಲ್ಲೋ ತಿಳಿಯುತ್ತಿರಲಿಲ್ಲ. ಕೈಯಲ್ಲಿ ಕಾಳು ಆಡಿಸಿ ಸಪ್ಪಳ ಕೇಳಿದೆ, ಉಗುರು ಒತ್ತಿ ನೋಡಿದೆ, ಮಂದಿಗೆ ಕಾಣಲೆಂದು ಸುಮ್ಮನೆ ಬಾಯಿಗೂ ಹಾಕಿಕೊಂಡೆ. ಕೆಲವನ್ನು ಅಂದಾಜಿನ ಮೇಲೆ ಹೇಳಿದೆ. ಎಷ್ಟು ತಪ್ಪಿದವೋ ಇವತ್ತಿಗೂ ಗೊತ್ತಿಲ್ಲ, ಅದೇ ನನ್ನನ್ನು ಹೆಚ್ಚು ಕಾಡುವುದು.

ಆಮೇಲೆ ಸರಸಂಬಾದಿಂದ ಒಬ್ಬ ಮುದುಕಿ ಬಂದಳು. ನಸುಗೆಂಪು ಸೀರೆ, ತಲೆಯ ಮೇಲೆ ಸೆರಗು, ಟಂಟಂ ಗಾಡಿಯಲ್ಲಿ ಆರು ಚೀಲ ತೊಗರಿ. ಚೀಲ ಇಳಿಯುವ ತನಕ ತಾನೇ ನಿಂತು ಎಣಿಸಿದಳು. ನಾನು ಕೊಳವೆ ಚುಚ್ಚಿದೆ, ಕಾಳು ಅಂಗೈಗೆ ಬಿತ್ತು. ಒಂದನ್ನು ಹಲ್ಲಿಗೆ ಕೊಟ್ಟೆ. ಮೆತ್ತಗೆ ಒತ್ತಿತು.

“ತ್ಯಾವ ಅದ ಯವ್ವಾ. ಒಯ್ದು ಇನ್ನ ಎಂಟು ದಿನ ಬಿಸಿಲಿಗಿ ಹಾಕು.”

“ಏನಂದಿ?” ಅವಳು ಹತ್ತಿರ ಬಂದಳು. “ಹದಿನೈದು ದಿನ ಬಿಸಿಲಿಗಿ ಹಾಕೀನೋ ಯಪ್ಪಾ. ಹೊತ್ತು ಮುಳುಗುವಾಗ ಬಳದು, ಹೊತ್ತು ಏರಿದ ಮ್ಯಾಲ ಹರವಿ. ನನ್ನ ಕೈ ನೋಡು.”

“ಕೈ ನೋಡಿ ತೊಗರಿ ತೊಗೊಳ್ಳಾಕ ಬರೂದಿಲ್ಲ.”

“ಇನ್ನೊಂದು ಕಚ್ಚು.”

ಹಮಾಲರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಇನ್ನೊಂದು ಕಚ್ಚಿದೆ. ಈ ಸಲ ಜೋರಾಗಿಯೇ ಕಚ್ಚಿದೆ, ಸಿಟ್ಟಿನಿಂದ. ದವಡೆಯ ತನಕ ಒಂದು ಛಳಕು ಹೊಡೆಯಿತು. ಕಾಳು ಒಡೆಯಲಿಲ್ಲ. “ತ್ಯಾವ ಅದ” ಅಂದೆ. ಅವಳು ನನ್ನ ಅಂಗೈಯಿಂದಲೇ ಒಂದು ಕಾಳು ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು. ಕಟಕ್. ಅಂಗಳದ ಆ ತುದಿಗೂ ಕೇಳಿಸಿತು.

“ಇದು ಹಸಿ ಕಾಳಿನ ಸಪ್ಪಳೇನೋ?”

ನಾನು ಉತ್ತರ ಕೊಡುವ ಮೊದಲು ಬಾಯಲ್ಲಿದ್ದ ಕಾಳನ್ನು ಅಂಗೈಗೆ ಉಗುಳಿದೆ. ಅದು ಕೆಂಪಗಿತ್ತು. ಅದರ ಸುತ್ತ ಉಳಿದ ಕಾಳಿಗೂ ಕೆಂಪು ಹತ್ತಿತ್ತು. ಮುಷ್ಟಿ ಮುಚ್ಚುವಷ್ಟರಲ್ಲಿ ಅವಳು ನೋಡಿಬಿಟ್ಟಳು. ಇಷ್ಟು ಹೊತ್ತು ಏರಿದ್ದ ಅವಳ ದನಿ ಒಮ್ಮೆಲೇ ಇಳಿಯಿತು.

“ಯಪ್ಪಾ, ನಿನ್ನ ಬಾಯಾಗ ರಕ್ತ ಬರಾಕತ್ತದಲ್ಲೋ.”

ಅವಳು ನನ್ನನ್ನು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಟವೆಲಿನ ತುದಿಯಿಂದ ಬಾಯಿ ಒರೆಸಿಕೊಂಡೆ. ಸಾವ್ಕಾರರು ತಾವು ಲೆಕ್ಕ ಬರೆಯುವ ಗಾದಿಯಿಂದ ಎದ್ದು ಬಂದರು. ನನ್ನನ್ನು ನೋಡಿದರು, ಮುಚ್ಚಿದ ಮುಷ್ಟಿ ನೋಡಿದರು. ಒಳಗೆ ಹೋಗಿ ಅಲಮಾರಿ ತೆಗೆದರು. ಮಷಿನ್ನಿನ ಮೇಲಿನ ಧೂಳನ್ನು ತಮ್ಮ ಟವೆಲಿನಿಂದಲೇ ಒರೆಸಿ ಕಾಳು ಸುರಿದರು. ಎಲ್ಲರೂ ಅದರ ಕಡೆ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ.

“ಒಣಗ್ಯಾದ. ಛಲೋ ಒಣಗ್ಯಾದ” ಅಂದರು. ಮುದುಕಿಯ ಆರೂ ಚೀಲ ಒಳಗೆ ಹೋದವು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಬಾಯಿ ತೋರಿಸ್ಕೊಂಡು ಬಾ. ಅಲ್ಲಿತನ ಮಷಿನ್ ನೋಡ್ತದ.”

“ಸಾವ್ಕಾರ್ರ, ಒಂದು ಕಾಳು ತಪ್ಪಿತಂತ...”

“ಒಂದೇ ತಪ್ಪ್ಯಾದೇನು?”

ಟವೆಲು ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿದೆ.

ಆಳಂದದಲ್ಲಿ ತೋರಿಸಿದರೆ ಊರೆಲ್ಲ ತಿಳಿಯುತ್ತದೆ ಎಂದು, ಮಗಳನ್ನು ನೋಡಿ ಬರುವ ನೆಪ ಹೇಳಿ ಜೇವರ್ಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಾಲಗೆ ಹಲ್ಲಿನ ಮೇಲೇ ಇತ್ತು. ಡಾಕ್ಟರು ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಕನ್ನಡಿ ಹಾಕಿ ನೋಡಿದಳು. ತೆಳ್ಳನೆ ಕಡ್ಡಿಯೊಂದನ್ನು ಒಸಡಿನ ಸಂದಿಯಲ್ಲಿ ಇಳಿಸಿ ಆಳ ಅಳೆದಳು.

“ಕಾಕಾ, ಬಾಯಿ ತೊಳಿಯೂ ಔಷಧ ಎಷ್ಟು ದಿನದಿಂದ ಹಾಕಾಕತ್ತೀರಿ?”

“ನಿಮಗ ಹೆಂಗ್ ಗೊತ್ತಾತ್ರಿ?”

“ಹಲ್ಲಿನ ಬಣ್ಣ ಹೇಳಾಕತ್ತದ.”

“ದಸರಾದಿಂದ.”

ಅವಳು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು. “ಅದು ಎರಡು ವಾರದ ಔಷಧ ಕಾಕಾ. ಹೆಂಗ್ ಹಾಕ್ತಿದ್ರಿ ಹೇಳ್ರಿ.”

ಎಲ್ಲ ಹೇಳಿದೆ. ಹಲ್ಲುಜ್ಜಿದ ಕೂಡಲೇ ಹಾಕುವುದು, ನೂರು ಎಣಿಸುವುದು, ಪೂಜೆಗೆಂದು ಐದು ಸಲ ನೀರು ಹಾಕಿ ತೊಳೆಯುವುದು. ಪೂಜೆಯ ಮಾತು ಬಂದಾಗ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

“ಔಷಧ ಬಾಯಾಗ ಹತ್ತಿಕೊಂಡು ಕೂಡಬೇಕ್ರಿ, ತಾಸುಗಟ್ಟಲೆ ಅದು ಕೆಲಸ ಮಾಡ್ತದ. ನೀವು ಉಗುಳಿದ ಕೂಡ್ಲೇ ಅದನ್ನ ತೊಳದು ಚೆಲ್ಲೀರಿ. ಪೇಸ್ಟಿನ ಬೆನ್ನಿಗೇ ಹಾಕಿದ್ರೂ ಅದರ ಶಕ್ತಿ ಇಳೀತದ, ನಡುವ ಅರ್ಧ ತಾಸು ಬಿಡಬೇಕು. ಬಣ್ಣ ತಿರುಗೂದು, ರುಚಿ ಕೆಡೂದು ಅದರದೇ, ಭಾಳ ದಿನ ಹಾಕಿದ್ದಕ್ಕ. ಬಿಟ್ರ ರುಚಿ ತಿರುಗಿ ಬರ್ತದ, ಬಣ್ಣ ನಾ ತೆಗೀತೇನಿ.”

“ಹಂಗಾರ ಪೂಜಾಕ್ಕ ಕೂಡಾವರು ಏನ್ ಮಾಡಬೇಕ್ರಿ?”

“ಪೂಜಾ ಮುಗಿಸ್ರಿ, ನಾಷ್ಟಾ ಮಾಡ್ರಿ, ಆಮ್ಯಾಲ ಹಾಕ್ರಿ. ಅರ್ಧ ತಾಸು ನೀರು, ಚಾ ಏನೂ ಬ್ಯಾಡ. ಅಷ್ಟೇ.”

ಇಷ್ಟೇ ಮಾತು. ಮೆಡಿಕಲ್ ಅಂಗಡಿಯವನು ಗೊತ್ತದಲ್ರಿ ಎಂದು ಕೇಳಿದಾಗ ಇಲ್ಲ ಅಂದಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ.

“ಸರಿ ಹಾಕಿದ್ದರ ಹಲ್ಲು ಉಳೀತಿದ್ವಾ?” ಎಂದೆ.

“ಅದೊಂದರಿಂದ ಇಲ್ಲ. ಹಲ್ಲಿನ ಬುಡಕ್ಕ, ಒಸಡಿನ ಒಳಗ ಕಲ್ಲಿನಂಗ ಪಾಚಿ ಕಟ್ಟ್ಯಾದ. ಔಷಧ ಮ್ಯಾಲಿಂದ ಮ್ಯಾಲ ಹೋಗ್ತದ, ಅಲ್ಲಿತನ ಇಳಿಯೂದಿಲ್ಲ. ಅದನ್ನ ನಾ ಕೆರೆದು ತೆಗೀಬೇಕು. ಆಮ್ಯಾಲ ಎರಡು ವಾರ ಔಷಧ ಹಾಕಿದ್ರ ಉಪಯೋಗ.”

ಅದು ನನಗೆ ಕೂಡಲೇ ತಿಳಿಯಿತು. ಚೀಲದ ಮೇಲೆ ಎಷ್ಟು ಔಷಧ ಹೊಡೆದರೂ ಒಳಗಿನ ಕಾಳಿನಲ್ಲಿ ಕೂತ ನುಸಿ ಸಾಯುವುದಿಲ್ಲ, ಚೀಲ ಬಿಚ್ಚಿ ಸುರಿಯಲೇಬೇಕು. ಮೂವತ್ತು ವರ್ಷ ಇದನ್ನು ಮಂದಿಗೆ ಹೇಳಿದವನು ನಾನೇ. ತಿಳಿದರೂ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದೆ.

“ಕೆರೆದರ ಹಲ್ಲು ಸಡ್ಲ ಆಗ್ತಾವಂತರಿ.”

“ಸಡ್ಲ ಈಗೇ ಆಗ್ಯಾವ. ಪಾಚಿ ಹಿಡ್ಕೊಂಡು ನಿಂತದ, ಅದಕ್ಕ ಎಷ್ಟು ಅಂತ ನಿಮಗ ಕಾಣಾಕತ್ತಿಲ್ಲ.” ಕನ್ನಡಿ ಮತ್ತೆ ಹಾಕಿ ನೋಡಿ ಹೇಳಿದಳು, “ಎರಡರಾಗ ಒಂದು ಉಳಿಯೂದು ಕಷ್ಟ. ಇನ್ನೊಂದು ಉಳಿಸಾಕ ನೋಡ್ತೇನಿ. ನಾ ಮಾತು ಕೊಡೂದಿಲ್ಲ. ಸಕ್ಕರಿ ಕಾಯಿಲಿ ಅದೇನು ಅಂತ ರಕ್ತಾನೂ ತೋರಿಸ್ರಿ.”

ಮೊದಲ ದಿನ ಅರ್ಧ ಬಾಯಿ ಕೆರೆದಳು. ಸೂಜಿ ಚುಚ್ಚಿದ್ದರಿಂದ ನೋವಿರಲಿಲ್ಲ, ಸಪ್ಪಳ ಇತ್ತು. ಮಿಲ್ಲಿನ ಮಷಿನ್ನಿನಲ್ಲಿ ಕಲ್ಲು ಸಿಕ್ಕಂಥ ಸಪ್ಪಳ, ಅದು ನನ್ನ ತಲೆಬುರುಡೆಯ ಒಳಗೇ. ಉಗುಳಿದರೆ ಕಪ್ಪು ಚೂರುಗಳು ಬಿದ್ದವು. ಪ್ರತಿ ಚೂರೂ ನನ್ನ ಹಲ್ಲೇ ಎಂದು ಬಗ್ಗಿ ನೋಡುತ್ತಿದ್ದೆ.

ಅವತ್ತು ಸಂಜೆ ಮಗಳ ಮನೆಯಲ್ಲಿ ನಾಲಗೆ ಒತ್ತಿ ನೋಡಿದೆ. ಹಲ್ಲು ಮೊದಲಿಗಿಂತ ಹೆಚ್ಚು ಅಲುಗುತ್ತಿತ್ತು. ಹಲ್ಲುಗಳ ನಡುವೆ ಸಂದಿ ಬಿದ್ದಿತ್ತು, ಗಾಳಿ ಹೋಗುತ್ತಿತ್ತು. ಮಂದಿ ಹೇಳಿದ್ದು ನಿಜವಾಯಿತು ಅನ್ನಿಸಿತು. ಬೆಳಿಗ್ಗೆ ಚೀಲ ತುಂಬಿಕೊಂಡು ಆಳಂದಕ್ಕೆ ಹೊರಟೆ. ಮಗಳು ಬಾಗಿಲಿಗೆ ಅಡ್ಡ ನಿಂತಳು.

“ಅಪ್ಪಾ, ಇವತ್ತು ಇನ್ನರ್ಧ ಬಾಯಿ ಅದ.”

“ಸಾಕವ್ವ. ಇದ್ದದ್ದೂ ಹೋಗಾಕತ್ತದ.”

“ಯಾರಂದ್ರು?”

“ನನಗ ಗೊತ್ತದ.”

“ಮೆಡಿಕಲ್‌ನವಗೂ ಹಿಂಗೇ ಅಂದಿರಿ, ಅಲ್ಲಾ?”

ಅವಳಿಗೆ ಆ ಕತೆ ನಾನೇ ಹಿಂದಿನ ದಿನ ಹೇಳಿದ್ದೆ. ಹೇಳಬಾರದಿತ್ತು ಅನ್ನಿಸಿತು. ಚೀಲ ಕೆಳಗಿಟ್ಟೆ. ಅವಳ ಜೊತೆಗೇ ಹೋಗಿ ಡಾಕ್ಟರಿಗೆ ಅಲುಗುವುದನ್ನು ತೋರಿಸಿದೆ. “ಅದು ಆಗೂದೇ ಕಾಕಾ, ಬಾವು ಇಳಿದ ಮ್ಯಾಲ ಒಸಡು ಬಿಗಿ ಹಿಡೀತದ. ಕೇಳಿದ್ದು ಛಲೋ ಆತು” ಎಂದು ಉಳಿದರ್ಧ ಬಾಯಿಯನ್ನೂ ಕೆರೆದಳು.

ಅದಾದ ಎರಡು ವಾರ ಔಷಧವನ್ನು ಅವಳು ಹೇಳಿದಂತೆಯೇ ಹಾಕಿದೆ. ಪೂಜೆ, ನಾಷ್ಟಾ, ಆಮೇಲೆ ಔಷಧ. ಅರ್ಧ ತಾಸು ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದೆ. “ಈ ಅರ್ಧ ತಾಸು ಮನಿಯಾಗ ಭಾಳ ಶಾಂತಿ ಅದ” ಎಂದು ಹೆಂಡತಿ ಓಡಾಡುತ್ತ ಹೇಳುತ್ತಿದ್ದಳು, ಉತ್ತರ ಕೊಡಲು ಬಾರದಂತೆ. ಎರಡು ವಾರಕ್ಕೆ ನಿಲ್ಲಿಸಿದೆ. ಮತ್ತೆ ಬ್ರಷ್ ಹಿಡಿದು ಮೆಲ್ಲಗೆ ಉಜ್ಜುವುದನ್ನು ಈ ವಯಸ್ಸಿಗೆ ಹೊಸದಾಗಿ ಕಲಿತೆ. ರಕ್ತದಲ್ಲಿ ಸಕ್ಕರೆ ಸ್ವಲ್ಪ ಏರಿತ್ತು, ಅದಕ್ಕೂ ಗುಳಿಗೆ ಶುರುವಾಯಿತು. ಒಂದು ಹಲ್ಲು ಶಿವರಾತ್ರಿ ಕಳೆದ ಮೇಲೆ ತೆಗೆಯಲೇಬೇಕಾಯಿತು. ತೆಗೆದದ್ದನ್ನು ಕೈಯಲ್ಲಿ ಇಸಿದುಕೊಂಡು ನೋಡಿದೆ. ಇಷ್ಟು ವರ್ಷ ದುಡಿದ ಹಲ್ಲು, ತೊಗರಿ ಕಾಳಿಗಿಂತ ಎಷ್ಟೋ ದೊಡ್ಡದೇನಿರಲಿಲ್ಲ. ಇನ್ನೊಂದು ಹಲ್ಲು ದಿನದಿಂದ ದಿನಕ್ಕೆ ಬಿಗಿಯಾಯಿತು.

ಮಿಲ್ಲಿನಲ್ಲಿ ಈಗ ಮಷಿನ್ ಮೇಜಿನ ಮೇಲೆ ಕೂತಿತ್ತು. ನನ್ನನ್ನು ಕಾಳಿನ ಬಣ್ಣ, ಹುಳ, ಕಸ ನೋಡಲು ಹಚ್ಚಿದ್ದರು. ಯಾರೂ ಏನೂ ಅನ್ನಲಿಲ್ಲ, ಕಾಕಾ ಅನ್ನುವುದೂ ಬಿಡಲಿಲ್ಲ. ಆದರೆ ಗಾಡಿ ಬಂದಾಗ ರೈತರು ನನ್ನ ಬಾಯಿಯ ಕಡೆ ನೋಡುತ್ತಿರಲಿಲ್ಲ, ಮೇಜಿನ ಕಡೆ ನೋಡುತ್ತಿದ್ದರು. ನಾನು ಮರೆಯಲ್ಲಿ ನಿಂತು ಪಕ್ಕದ ಕೋರೆ ಹಲ್ಲಿನಿಂದ ಕಚ್ಚುವುದನ್ನು ರೂಢಿ ಮಾಡಿಕೊಂಡೆ. ಡಾಕ್ಟರನ್ನು ಕೇಳಿಯೇ ಮಾಡಿದೆ.

ಯುಗಾದಿ ಕಳೆದು ಎಂಟು ದಿನಕ್ಕೆ ಸರಸಂಬಾದ ಮುದುಕಿ ಉಳಿಸಿಟ್ಟುಕೊಂಡಿದ್ದ ಮೂರು ಚೀಲ ತಂದಳು. ಸಾವ್ಕಾರರು ಮಷಿನ್ನಿನ ಕಡೆ ಕೈ ಹಾಕಿದರು. ನಾನು ಮುಂದೆ ಹೋದೆ.

“ಸಾವ್ಕಾರ್ರ, ಮೊದಲ ನಾ ನೋಡ್ತೇನಿ. ಆಮ್ಯಾಲ ಅದು ನೋಡ್ಲಿ.”

ಅವರು ಕೈ ಹಿಂದೆ ತೆಗೆದರು. ಹಮಾಲರು ಮತ್ತೆ ನಿಂತರು. ಮೊದಲ ಚೀಲದ ಕಾಳನ್ನು ಕೋರೆ ಹಲ್ಲಿಗೆ ಕೊಟ್ಟೆ. ಕಟಕ್. “ಒಣಗ್ಯಾದ” ಅಂದೆ. ಎರಡನೆಯದು, ಕಟಕ್, “ಒಣಗ್ಯಾದ.” ಮೂರನೆಯದು ಒಡೆಯಿತು, ಆದರೆ ಒಡೆಯುವ ಮುಂಚೆ ಏನೋ ಒಂದು ಸಣ್ಣ ತಡೆ. ಮಳೆಯ ಹನಿ ಹತ್ತಿದ ಚೀಲವೋ, ಹಳೆಯ ಜಾಗ ಬಿಟ್ಟು ಬೇರೆ ಹಲ್ಲಿನಿಂದ ಕಚ್ಚಿದ್ದರ ಗೊಂದಲವೋ? ಇನ್ನೊಂದು ಕಚ್ಚಿದೆ. ಅದೇ ತಡೆ. ಎಲ್ಲರೂ ಕಾಯುತ್ತಿದ್ದರು. ಅಂದಾಜಿನ ಮೇಲೆ ಒಂದು ಮಾತು ಹೇಳಿದರೆ ಅರ್ಧ ಪಾಲು ಸರಿಯಾಗಬಹುದಿತ್ತು. ಸರಿಯಾದರೆ ನನ್ನ ಜಾಗ ನನಗೆ ಪೂರ್ತಿ ವಾಪಸ್ಸು.

“ಇದು ನನಗ ಗೊತ್ತಾಗವಲ್ದು” ಅಂದೆ. “ಮಷಿನ್ ಹಾಕಿ ನೋಡ್ರಿ.”

ಯಾರೂ ನಗಲಿಲ್ಲ. ಸಾವ್ಕಾರರು ಮೂರು ಚೀಲದ ಕಾಳನ್ನೂ ಒಂದೊಂದಾಗಿ ಸುರಿದು ನೋಡಿದರು. ಮೊದಲೆರಡಕ್ಕೆ ತಲೆ ಆಡಿಸಿದರು. ಮೂರನೆಯದಕ್ಕೆ ಮಷಿನ್ನನ್ನು ಎರಡು ಸಲ ನೋಡಿ, “ಇದು ನಡುವ ನಿಂತದ. ಹಂಗೂ ಅಲ್ಲ, ಹಿಂಗೂ ಅಲ್ಲ” ಅಂದರು. ಆಮೇಲೆ ಮಷಿನ್ನನ್ನು ಎತ್ತಿ ಬಾಗಿಲ ಬಳಿ, ನಾನು ನಿಲ್ಲುವ ಜಾಗದ ಪಕ್ಕಕ್ಕೆ ತಂದಿಟ್ಟು ಗಾದಿಗೆ ಹೋದರು.

ಮುದುಕಿ ಮಷಿನ್ನಿನ ಕಡೆ ನೋಡಲೇ ಇಲ್ಲ. ನನ್ನ ಮುಂದೆ ಬಂದು ಅಂಗೈ ತೆರೆಯಲು ಹೇಳಿದಳು. ತೆರೆದೆ. ಎರಡಾಗಿ ಒಡೆದ ಕಾಳು ಹಳದಿಯಾಗಿ, ಸ್ವಚ್ಛವಾಗಿ ಬಿದ್ದಿತ್ತು. ಬೆರಳಿನಿಂದ ಹೊರಳಿಸಿ ಹೊರಳಿಸಿ ನೋಡಿದಳು.

“ಈ ಸಲ ರಕ್ತ ಇಲ್ಲಲ್ಲೋ ಯಪ್ಪಾ” ಅಂದಳು.